ನೀರಿನ ಬಾಟಲಿ: ಕೊಳ್ಳುವ ಮುನ್ನ ಅದರ ಬಾಯಿ ನೋಡಿ

ಮನ್ನಳ್ಳಿಯಿಂದ ಬೀದರಿಗೆ ಓದಲು ಹೋಗುವ ಮಕ್ಕಳ ಚೀಲದಲ್ಲೂ, ತೊಗರಿ ಹೊಲಕ್ಕೆ ಹೋಗುವವರ ಬುತ್ತಿಯ ಜೊತೆಗೂ ಇಂದು ನೀರಿನ ಬಾಟಲಿ ಇದ್ದೇ ಇರುತ್ತದೆ. ಬಣ್ಣ, ಬೆಲೆ ನೋಡಿ ಕೊಳ್ಳುತ್ತೇವೆ. ಆದರೆ ಮೊದಲು ನೋಡಬೇಕಾದದ್ದು ಅದರ ಬಾಯಿ. ಒಳಗೆ ಬ್ರಷ್ ಸಲೀಸಾಗಿ ಹೋಗಿ ತಳ ಮುಟ್ಟುವಂತಿರಬೇಕು.

ತುಟಿ ಹಚ್ಚಿ ಕುಡಿದಾಗ ಬಾಯಿಯ ಸೂಕ್ಷ್ಮಾಣುಗಳು ಬಾಟಲಿಗೆ ಸೇರಿ, ಒಳಗೋಡೆಯಲ್ಲಿ ಲೋಳೆಯಾಗಿ ಅಂಟುತ್ತವೆ. ನೀರು ಕುಲುಕಿ ಚೆಲ್ಲಿದರೆ ಅದು ಹೋಗದು, ಉಜ್ಜಲೇಬೇಕು. ಬೀದರಿನ ಬಹಮನಿ ಕಾಲದ ಕರೇಜ್ ನೆಲದಡಿಯ ಕಾಲುವೆ. ಆದರೂ ಮನುಷ್ಯ ಇಳಿದು ಹೂಳು ತೆಗೆಯಲೆಂದು ಅದಕ್ಕೆ ಅಲ್ಲಲ್ಲಿ ಬಾವಿಯಂಥ ಬಾಯಿಗಳಿವೆ. ಕೈ ತಲುಪದ ಕಡೆ ಶುಚಿತ್ವವಿಲ್ಲವೆಂದು ಹಿರಿಯರು ಅರಿತಿದ್ದರು.

ಪ್ರವಾದಿಯವರು(ಸ) ಚರ್ಮದ ನೀರಿನ ಚೀಲಕ್ಕೇ ಬಾಯಿಟ್ಟು ಕುಡಿಯುವುದನ್ನೂ ಪಾತ್ರೆಯೊಳಗೆ ಉಸಿರು ಬಿಡುವುದನ್ನೂ ತಡೆದಿದ್ದರು. ರಾತ್ರಿ ಪಾತ್ರೆಗಳನ್ನು ಮುಚ್ಚಿಡಲು ಹೇಳಿದ್ದರು. ಆದ್ದರಿಂದ ಸಾಧ್ಯವಾದಾಗ ಲೋಟಕ್ಕೆ ಬಗ್ಗಿಸಿ ಕುಡಿಯಿರಿ. ಒಬ್ಬರ ಬಾಟಲಿ ಇನ್ನೊಬ್ಬರು ಬಳಸಬೇಡಿ.

ದಿನಬಳಕೆಗೆ ಅಗಲ ಬಾಯಿಯ ಸ್ಟೀಲ್ ಬಾಟಲಿ ಉತ್ತಮ. ‘304’ ಅಥವಾ ‘18/8’ ಎಂದಿದ್ದರೆ ಅದು ಆಹಾರಕ್ಕೆ ಬಳಸುವ, ಸುಲಭವಾಗಿ ತುಕ್ಕು ಹಿಡಿಯದ ಸ್ಟೀಲ್. ಪ್ಲಾಸ್ಟಿಕ್ಕೇ ಬೇಕಾದರೆ ತಳದ ತ್ರಿಕೋನದಲ್ಲಿ 2 ಅಥವಾ 5 ಇರುವುದನ್ನು ಆರಿಸಿ. ಅಂಗಡಿಯ ನೀರು, ತಂಪು ಪಾನೀಯದ ಬಾಟಲಿಗಳ ಮೇಲೆ ಸಾಮಾನ್ಯವಾಗಿ 1 ಇರುತ್ತದೆ. ಅವು ಒಂದು ಸಲದ ಬಳಕೆಗೆಂದೇ ಮಾಡಿದವು. ಬಿಸಿನೀರು ತುಂಬಬೇಡಿ, ಬಿಸಿಲಿನಲ್ಲಿ ಇಡಬೇಡಿ. ತಾಮ್ರದ ಬಾಟಲಿಗೆ ಲಿಂಬೆ ಶರಬತ್ತು, ಮಜ್ಜಿಗೆ ಹಾಕಬೇಡಿ. ಹುಳಿಗೆ ತಾಮ್ರ ಕರಗಿ ಹೊಟ್ಟೆ ತೊಳಸಿ ವಾಂತಿಯಾಗಬಹುದು.

ಬೆಳೆಗೆ ಹೊಡೆಯುವ ಔಷಧಿಯ ಖಾಲಿ ಡಬ್ಬಿಯನ್ನು ಎಷ್ಟೇ ತೊಳೆದರೂ ಕುಡಿಯುವ ನೀರಿಗೆ ಬಳಸಲೇಬಾರದು. ಸೀಮೆಎಣ್ಣೆ, ಫಿನಾಯಿಲ್ ಅನ್ನು ನೀರಿನ ಬಾಟಲಿಯಲ್ಲಿ ಇಡಲೂಬಾರದು. ಮಗು ನೀರೆಂದು ಕುಡಿದರೆ ಪ್ರಾಣಕ್ಕೇ ಅಪಾಯ.

ದಿನವೂ ಸಾಬೂನು ಹಚ್ಚಿ, ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಮುಚ್ಚಳದೊಳಗಿನ ರಬ್ಬರ್ ಬಳೆಯನ್ನೂ ತೆಗೆದು ತೊಳೆಯಿರಿ, ಕೊಳೆ ಹೆಚ್ಚು ಕೂರುವುದು ಅಲ್ಲೇ. ಆಮೇಲೆ ಬೋರಲಾಗಿಟ್ಟು ಒಣಗಿಸಿ. ನೀರಿನ ಬಗ್ಗೆ ಅನುಮಾನವಿದ್ದರೆ ಚೆನ್ನಾಗಿ ಕುದಿಸಿ, ಆರಿಸಿ ತುಂಬಿ. ಬಾಟಲಿ ಎಷ್ಟೇ ಒಳ್ಳೆಯದಿದ್ದರೂ ಕೆಟ್ಟ ನೀರನ್ನು ಶುದ್ಧ ಮಾಡದು.