ಸುತಳಿ ನೀರಿಗೆ ತಾಗದಿದ್ದಾಗ: ಕಾಂಡ್ಲಾ ವನದಲ್ಲಿ ಒಂದು ಪರಿಸರ ಪಾಠ

ಬೋಧನಾಭ್ಯಾಸಕ್ಕಾಗಿ ಮೂರನೇ ತರಗತಿಗೆ ‘ಬೇರುಗಳು’ ಎಂಬ ಪರಿಸರ ಅಧ್ಯಯನ ಪಾಠವನ್ನು ನಾನು ಆರಿಸಿಕೊಂಡಿದ್ದೆ. ಬೇಸಿಗೆ ರಜೆಯ ಒಂದು ಶನಿವಾರ ನನ್ನ ಐದು ವರ್ಷದ ಮಗಳನ್ನೂ ಅಕ್ಕನ ಏಳು ವರ್ಷದ ಮಗನನ್ನೂ ಕರೆದುಕೊಂಡು ಅಕ್ಕನೊಡನೆ ಮುಟ್ಟಳ್ಳಿಯಿಂದ ಹೊನ್ನಾವರದ ಕಡೆಗೆ ಹೊರಟೆ. ಸುಮಾರು 40 ಕಿ.ಮೀ. ದಾರಿ. ರಾತ್ರಿ ಅಲ್ಲಿಯೇ ಒಂದು ರೆಸಾರ್ಟಿನಲ್ಲಿ ಉಳಿಯುವುದು, ಹಗಲಿನಲ್ಲಿ ಕಾಸರಕೋಡಿನ ಶರಾವತಿ ಕಾಂಡ್ಲಾ ವನದ ಮರದ ಹಾದಿಯಲ್ಲಿ ನಡೆಯುವುದು ಎಂದು ಯೋಚಿಸಿದ್ದೆವು. ಮಕ್ಕಳಿಗೆ ರಜೆ, ನನಗೆ ಪಾಠದ ಪೂರ್ವಸಿದ್ಧತೆ.

ಪಾಠ ಯೋಜನೆ ಅಚ್ಚುಕಟ್ಟಾಗಿತ್ತು. ಉದ್ದೇಶ: ಕಾಂಡ್ಲಾ ಗಿಡದ ಉಸಿರುಬೇರನ್ನು ಗುರುತಿಸುವುದು. ಸಮಯ: ಬೆಳಿಗ್ಗೆ 11. ಶಾಲೆಯ ವೇಳಾಪಟ್ಟಿಯಲ್ಲಿ ಪರಿಸರ ಪಾಠ ಇರುವುದು ಆ ಹೊತ್ತಿಗೆ ಎನ್ನುವುದೊಂದೇ ಅದಕ್ಕೆ ಕಾರಣ.

ಹೋಗಿ ನೋಡಿದರೆ ಉಬ್ಬರ ಏರಿತ್ತು. ಗಿಡಗಳು ಸೊಂಟದವರೆಗೆ ನೀರಲ್ಲಿ ನಿಂತಿದ್ದವು. ನಾನು ವಿವರಿಸುತ್ತಲೇ ಇದ್ದೆ. ಹುಡುಗ ಕೇಳಿದ: “ಚಿಕ್ಕಿ, ಬೇರು ಎಲ್ಲಿ? ನೀರೇ ಉಂಟಲ್ಲ!” ಬಿಸಿಲು ನೆತ್ತಿಗೆ ಬಂದಿತ್ತು, ಮಗಳು ಎತ್ತಿಕೊಳ್ಳು ಎಂದು ಅಳುತ್ತಿದ್ದಳು. ಅಷ್ಟರಲ್ಲಿ ಹುಡುಗ ತಿಂಡಿಯ ಗಂಟು ಕಟ್ಟಿದ್ದ ಸುತಳಿಯನ್ನು ಬಿಚ್ಚಿ, ಕಟಕಟೆಯ ಮೇಲಿಂದ ಇಳಿಬಿಟ್ಟು ಮೀನು ಹಿಡಿಯುವ ಆಟ ಶುರುಮಾಡಿದ. ಸುತಳಿ ಒದ್ದೆ ಮಾಡಿದನೆಂದು ಗದರಿದೆ. ಹಿಂದಿನ ಹಂತದ ಬೋಧನಾಭ್ಯಾಸದಲ್ಲಿ ಇಂಥದೇ ಒಬ್ಬ ವಿದ್ಯಾರ್ಥಿಯ ಬಗ್ಗೆ ‘ಗಮನ ಕಡಿಮೆ’ ಎಂದು ಬರೆದಿಟ್ಟವಳು ನಾನು.

ಸಂಜೆ ಐದಕ್ಕೆ ಮತ್ತೆ ಹೋದೆವು. ಪಾಠಕ್ಕಲ್ಲ, ಮಕ್ಕಳು ರೆಸಾರ್ಟಿನ ಕೋಣೆಯಲ್ಲಿ ಕೂರಲಾರದೆ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಬೇಕು. ಕರಾವಳಿಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ್ದಲ್ಲ, ಆದರೆ ಪಾಠ ಯೋಜನೆ ಬರೆಯುವಾಗ ನೆನಪಿಗೆ ಬರಲಿಲ್ಲ. ಹುಡುಗ ಅದೇ ಜಾಗದಲ್ಲಿ ಸುತಳಿ ಇಳಿಬಿಟ್ಟ. “ಚಿಕ್ಕಿ, ಈಗ ತಾಗುದಿಲ್ಲ!”

ಕೆಳಗೆ ಬರಿಯ ಕೆಸರು. ಅದರ ತುಂಬ ಪೆನ್ಸಿಲ್ ನೆಟ್ಟಂತೆ ಬೇರುಗಳು ಮೇಲಕ್ಕೆ ಮುಖಮಾಡಿ ನಿಂತಿದ್ದವು. ಮಗಳು ಎಣಿಸಲು ಹೊರಟು ಇಪ್ಪತ್ತಕ್ಕೆ ನಿಲ್ಲಿಸಿದಳು, ಅವಳಿಗೆ ಬರುವುದು ಅಷ್ಟೇ. ಒಂದು ಮುಂಗಾಲು ಮಾತ್ರ ದೊಡ್ಡದಾದ ಪುಟ್ಟ ಏಡಿಗಳು, ಕೆಸರಿನ ಮೇಲೆ ಕುಪ್ಪಳಿಸುವ ಮೀನು, ಮರದಲ್ಲಿಯೇ ಮೊಳೆತು ನುಗ್ಗೆಕಾಯಿಯಂತೆ ಜೋತ ಕಾಂಡ್ಲಾ ಬೀಜ, ಎಲ್ಲವನ್ನೂ ಅವರೇ ನನಗೆ ತೋರಿಸಿದರು. ಬೇರು ಏಕೆ ಮೇಲಕ್ಕೆ ಬಂದಿದೆ ಎಂದು ಕೇಳಿದ್ದೂ ಅವರೇ. ಕೆಸರಿನೊಳಗೆ ಗಾಳಿ ಸಾಲದು, ನೀರಿಳಿದಾಗ ಈ ಬೇರುಗಳು ಗಾಳಿ ತೆಗೆದುಕೊಳ್ಳುತ್ತವೆ ಎಂದೆ. ಬೆಳಿಗ್ಗೆ ಹತ್ತು ನಿಮಿಷ ಹೇಳಿದ್ದಕ್ಕೆ ಸಂಜೆ ಒಂದು ವಾಕ್ಯ ಸಾಕಾಯಿತು.

ಶಾಲೆ ತೆರೆದ ಮೇಲೆ ಆ ಸುತಳಿಯನ್ನೇ ಕಲಿಕೋಪಕರಣವಾಗಿ ತರಗತಿಗೆ ಒಯ್ದೆ. ಗೇಣಿಗೊಂದು ಗಂಟು ಹಾಕಿದ್ದೆ. “ಬೆಳಿಗ್ಗೆ ಇದು ನೀರಿಗೆ ತಾಗಿತು, ಸಂಜೆ ತಾಗಲಿಲ್ಲ. ಏನಾಗಿರಬಹುದು?” ಎಂದಷ್ಟೇ ಕೇಳಿ ಸುಮ್ಮನಾದೆ. ಸುಮ್ಮನಿರುವುದು ಸುಲಭವಲ್ಲ, ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ವೀಕ್ಷಣಾ ಪುಸ್ತಕ ಹಿಡಿದು ಕೂತಿರುವಾಗಲಂತೂ. ಒಬ್ಬಳು ಸೇತುವೆಯೇ ಮೇಲೆ ಹೋಗಿರಬೇಕು ಎಂದಳು. ಇನ್ನೊಬ್ಬ, ಒದ್ದೆಯಾಗಿ ಒಣಗಿದ ಸುತಳಿ ಗಿಡ್ಡವಾಗಿರಬೇಕು ಎಂದ. ತಪ್ಪು ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ. ಬಕೆಟ್ ತರಿಸಿ ಸುತಳಿ ನೆನೆಸಿ ಮತ್ತೆ ಅಳೆದೆವು. ಗಂಟಿನ ಲೆಕ್ಕಕ್ಕೆ ಸಿಗುವಷ್ಟು ವ್ಯತ್ಯಾಸ ಕಾಣಲಿಲ್ಲ. ಆಗ ಮೂಲೆಯಿಂದ ಒಬ್ಬ ಹುಡುಗ, “ನೀರೇ ಇಳಿದದ್ದು ಟೀಚರ್. ನಮ್ಮ ಅಪ್ಪ ದೋಣಿ ಹೊರಡಿಸುದು ಅದನ್ನೇ ನೋಡಿ” ಎಂದ.

‘ಗಮನ ಕಡಿಮೆ’ ಎಂದು ನಾನು ಬರೆದಿದ್ದು ಇವನ ಬಗ್ಗೆಯೇ.

ಬೇರಿನ ಮಾತಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ‘ಉಪಕರಣ ಸರಳ, ಮಕ್ಕಳ ಪಾಲ್ಗೊಳ್ಳುವಿಕೆ ಉತ್ತಮ, ಸಮಯ ಪಾಲನೆ ಇಲ್ಲ’ ಎಂದು ಮಾರ್ಗದರ್ಶಕರು ಷರಾ ಬರೆದರು. ಮೂರೂ ನಿಜ. ಬೇರಿನ ಪಾಠವನ್ನು ಮರುದಿನ ಮಾಡಿದೆ.