ಗಾಳಿಯೂ ಗಾಳವೂ

ಅಮೆರಿಕದ ಮಿಸೂರಿ ರಾಜ್ಯದ ಓಜಾರ್ಕ್ ಬೆಟ್ಟಗಳ ನಡುವೆ ವೈಟ್ ನದಿಗೆ ಕಟ್ಟಿದ ಅಣೆಕಟ್ಟೊಂದು 1958ರಲ್ಲಿ ಪೂರ್ಣಗೊಂಡಿತು. ಅದರಿಂದ ಉಂಟಾದ ಟೇಬಲ್ ರಾಕ್ ಸರೋವರವು ತಿಳಿನೀರಿಗೂ ಬಾಸ್ ಎಂಬ ಮೀನಿಗೂ ಹೆಸರಾದುದು. ವಸಂತದಲ್ಲಿ ಅಂಥ ಸರೋವರಗಳಲ್ಲಿ ಗಾಳ ಹಾಕುವವರು ಹೇಳುವ ಮಾತೊಂದುಂಟು: ನೀರು ನಿಶ್ಚಲವಾಗಿದ್ದಾಗ ಮೀನು ಹತ್ತಿರ ಸುಳಿಯದು, ಗಾಳಿ ಬೀಸಿ ಅಲೆಯೆದ್ದಾಗ ಅದೇ ಮೀನು ಧೈರ್ಯವಾಗಿ ಎರೆಯನ್ನು ಕಚ್ಚುವುದು. ಇದರ ಕಾರಣವನ್ನು ತಿಳಿಯಬೇಕಾದರೆ ನಾವು ನೀರಿನೊಳಗಿನಿಂದ ಮೇಲಕ್ಕೆ ನೋಡಬೇಕು.

ನೀರಿನ ವಕ್ರೀಭವನಾಂಕ ಸುಮಾರು 4/3. ಆದುದರಿಂದ ಅದರ ಕ್ರಾಂತಿಕೋನ 48.6 ಡಿಗ್ರಿ. ಆಕಾಶ, ದಡ, ಮರಗಳೆಲ್ಲವೂ ಮೀನಿಗೆ ತಲೆಯ ಮೇಲಿನ 97 ಡಿಗ್ರಿ ಅಗಲದ ಶಂಕುವೊಂದರೊಳಗೆ ಕಾಣುವುವು. 3 ಮೀಟರ್ ಆಳದಲ್ಲಿರುವ ಮೀನಿಗೆ ಇದು ಸುಮಾರು 6.8 ಮೀಟರ್ ವ್ಯಾಸದ ದುಂಡು ಕಿಟಕಿ. ಅದರಾಚೆಗೆ ನೀರಿನ ಮೇಲ್ಮೈ ಕನ್ನಡಿಯಂತಾಗಿ ಸರೋವರದ ಒಳಭಾಗವನ್ನೇ ಪ್ರತಿಫಲಿಸುವುದು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1906ರಲ್ಲಿ ಈ ನೋಟದ ಛಾಯಾಚಿತ್ರಗಳನ್ನೇ ತೆಗೆದು ಪ್ರಕಟಿಸಿದನು.

ಈ ಕಿಟಕಿಯ ಅಂಚಿನಿಂದ 10 ಮೀಟರ್ ದೂರದಲ್ಲಿ ದೋಣಿಯ ಮೇಲೆ ಒಬ್ಬನು ನಿಂತಿರುವನೆಂದೂ ಅವನ ತಲೆ ನೀರಿನಿಂದ 1.8 ಮೀಟರ್ ಎತ್ತರದಲ್ಲಿದೆಯೆಂದೂ ಭಾವಿಸೋಣ. ದಿಗಂತದಿಂದ ಅವನ ಎತ್ತರ ಸುಮಾರು 10 ಡಿಗ್ರಿ. ಎಂದರೆ ಪತನಕೋನ 80 ಡಿಗ್ರಿ. ಸೈನ್ 80 ಡಿಗ್ರಿಯ ಬೆಲೆ 0.985, ಅದರ ಮುಕ್ಕಾಲು ಭಾಗ 0.739; ಇದಕ್ಕೆ ಸಲ್ಲುವ ಕೋನ 47.6 ಡಿಗ್ರಿ. ನೋಡಿ, ಇಡೀ ಮನುಷ್ಯನು ಕಿಟಕಿಯಂಚಿನ ಒಂದೇ ಡಿಗ್ರಿಯೊಳಗೆ ಅಡಕವಾದನು! ಅವನು ಕುಳಿತು ತನ್ನ ಎತ್ತರವನ್ನು ಅರ್ಧ ಮಾಡಿಕೊಂಡರೆ ಬಿಂಬವು ಅರ್ಧವಾಗುವುದಿಲ್ಲ, ಕಾಲು ಡಿಗ್ರಿಗೆ ಇಳಿಯುವುದು. ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು.

ಒಂದು ಡಿಗ್ರಿಯೆಂದರೆ ಪೂರ್ಣಚಂದ್ರನ ಎರಡರಷ್ಟು. ತಿಳಿಯಾದ, ನಿಶ್ಚಲವಾದ ನೀರಿನಲ್ಲಿ ಅಷ್ಟು ದೊಡ್ಡ ಆಕಾರ ಅಲುಗಾಡಿದರೆ ಮೀನಿಗೆ ಎಚ್ಚರಿಕೆಯಾಗಲು ಸಾಕು. ಗಾಳಿ ಬೀಸಿತೆನ್ನಿ: ನೀರಿನ ಮೈ 5 ಡಿಗ್ರಿ ವಾಲಿದರೂ ಈ ಓರೆಕಿರಣವು ಸುಮಾರು 4 ಡಿಗ್ರಿ ತಿರುಗುವುದು. ಬಿಂಬದ ಎತ್ತರಕ್ಕಿಂತ ಅದರ ಕುಣಿತವೇ ನಾಲ್ಕು ಪಟ್ಟು ಹೆಚ್ಚಾದಾಗ ಆಕಾರವು ಚೂರುಚೂರಾಗದೆ ಇರದು. ಅಲೆಗಳು ಬೆಳಕನ್ನು ತಡೆಯುವುದರಿಂದ ಹೀಗಾಗುತ್ತದೆಂದು ಹಲವರು ಹೇಳುವುದು ಸರಿಯಲ್ಲ. ಸೂರ್ಯನು ನೆತ್ತಿಯ ಬಳಿಯಿರುವಾಗ ಸಮತಲದ ನೀರು ಪ್ರತಿಫಲಿಸುವುದು ಶೇಕಡಾ 2ರಷ್ಟನ್ನು ಮಾತ್ರ. ಅಲೆಯಿಂದ ಅದು ಹೆಚ್ಚೇನೂ ಬದಲಾಗದು. ಮೀನಿಗೆ ತಪ್ಪಿಹೋಗುವುದು ಬೆಳಕಲ್ಲ, ಬಿಂಬ.

ಗಾಳಿಯು ನೀರಿನ ಶಾಖವನ್ನೂ ಹಂಚುವುದು. ವಸಂತದ ಬಿಸಿಲಿಗೆ ಕಾದ ಮೇಲ್ಪದರವು ಹಗುರವಾಗಿ ತೇಲುತ್ತಿರುವಾಗ ಗಾಳಿ ಅದನ್ನು ಎದುರಿನ ದಡಕ್ಕೆ ನೂಕುವುದು. ಹಿಂದಿನ ದಡದಲ್ಲಿ ತಣ್ಣೀರು ಮೇಲೇಳುವುದು. ನೀರು ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮೊಟ್ಟೆಯಿಡುವ ಬಾಸ್‌ಗೆ ಒಂದೆರಡು ಡಿಗ್ರಿಯೂ ಮುಖ್ಯ. ಶೀತಗಾಳಿಯೇ ದಿನಗಟ್ಟಲೆ ಬೀಸಿದರೆ ಮಾತ್ರ ಈ ಲಾಭವಿಲ್ಲ.

ಆದರೆ ಅಲೆಗಳು ದೊಡ್ಡದಾಗಿ ಬೆಳೆದಿರುವುದೂ ಆ ದಡದಲ್ಲಿಯೇ. ಮೀನಿಗೆ ಹಿತವಾದ 15 ಡಿಗ್ರಿಯ ನೀರು ಮನುಷ್ಯನಿಗೆ ಅಪಾಯಕರ. ಅದರಲ್ಲಿ ಥಟ್ಟನೆ ಬಿದ್ದವನಿಗೆ ಮೊದಲ ನಿಮಿಷದಲ್ಲಿಯೇ ಉಸಿರು ಹತೋಟಿ ತಪ್ಪಿ, ಈಜು ಬಲ್ಲವನೂ ನೀರು ಕುಡಿದು ಮುಳುಗಬಹುದು. ತೇಲುವ ಜಾಕೆಟ್ಟನ್ನು ದೋಣಿಯ ಮೂಲೆಯಲ್ಲಿರಿಸದೆ ಮೈಮೇಲೆ ತೊಟ್ಟಿರಬೇಕು. ದೋಣಿಯಲ್ಲಿ ನಿಲ್ಲದೆ ಕುಳಿತಿರುವುದು ಈ ಕಾರಣಕ್ಕೂ ಮೇಲು.