ಮನೆಪಾಠಕ್ಕೆ ಶಾಲೆಯ ಗಂಟೆ ಬೇಡ

ತಾಯಿ, ಒಂಬತ್ತು ವರ್ಷದ ಮಗನನ್ನು ಬೆಳಿಗ್ಗೆಯಿಂದ ಸಂಜೆವರೆಗೂ ಕೂರಿಸುವ ವೇಳಾಪಟ್ಟಿ ಕೈಬಿಡಿ. ತಿಂಡಿಯಾದ ಮೇಲೆ ಎರಡು ಗಂಟೆ ಗಣಿತ, ಕನ್ನಡ ಸಾಕು. ಪಠ್ಯಪುಸ್ತಕ ದೀಕ್ಷಾ ಆ್ಯಪ್‌ನಲ್ಲಿ ಉಚಿತ. ಮಧ್ಯಾಹ್ನ ಊರನ್ನೇ ಓದಿಸಿ. ನಿಮ್ಮ ರಾಜಘಟ್ಟದಲ್ಲಿ 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಉತ್ಖನನ ಮಾಡಿದಾಗ ಬೌದ್ಧ ಚೈತ್ಯ, ವಿಹಾರದ ಅವಶೇಷ ಸಿಕ್ಕವು. ಜೊತೆಗೆ ಮಣ್ಣಿನ ಪುಟಾಣಿ ಸ್ತೂಪಗಳು, ಅವುಗಳೊಳಗೆ ಅಕ್ಷರ ಒತ್ತಿದ ಬಿಲ್ಲೆಗಳು! ಜೇಡಿಮಣ್ಣು ಕಲಸಿ ಅಂಥದೊಂದನ್ನು ಮಗನ ಕೈಯಲ್ಲೇ ಮಾಡಿಸಿ, ತನ್ನ ಹೆಸರಿನ ಬಿಲ್ಲೆಯನ್ನು ಒಳಗಿಡಲಿ. ಇತಿಹಾಸ ಹಾಗೆ ಕೈಗೆ ಹತ್ತುತ್ತದೆ.

ಸರ್ಟಿಫಿಕೇಟಿನ ಚಿಂತೆ ಬೇಡ. 14 ತುಂಬಿದ ಮೇಲೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಸಬಹುದು. ಸಂಜೆ ಓರಗೆಯ ಮಕ್ಕಳ ಜೊತೆ ಆಟ ಮಾತ್ರ ಒಂದು ದಿನವೂ ತಪ್ಪಿಸಬೇಡಿ.